ನೀರಿಗೆ ಮೊದಲ ಕೈ

ಆಯಿಯ ಕಣಕಾಲುಗಳು ಎಣ್ಣೆ ಕುಡಿದು ಕುಡಿದು ಹಳೇ ಮನೆಯ ಹೊಸ್ತಿಲಿನ ಹಾಗೆ ಹೊಳೆಯುತ್ತಿದ್ದವು. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ, ಬಚ್ಚಲ ಮಣೆಯ ಮೇಲೆ ಕೂತು, ಎರಡೂ ಕಾಲು ಜೋಡಿಸಿ ಚಾಚಿದಳೆಂದರೆ ಕೂಸಿಗೆ ಅದೇ ಹಾಸಿಗೆ. ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಹುಟ್ಟಿ, ಆ ಕಾಲಿನ ಮೇಲೆ ಮಲಗಿ ಅಳದವರು ಕಡಿಮೆ. ನಾನೂ ಅತ್ತವನೇ, ನನ್ನ ಮಕ್ಕಳೂ ಅತ್ತವರೇ.

ಆಯಿ ಅಂತ ಕರೆದರೂ ಆಕೆ ನಮಗೆ ಬಳಗವಲ್ಲ. ಕೂಸು ಬಾಣಂತಿಯರಿಗೆ ಎರೆಯುವುದು ಆಕೆಯ ಕೆಲಸ. ಬೆಳಗಾದರೆ ಒಂದು ಮನೆ ಮುಗಿಸಿ ಇನ್ನೊಂದು ಮನೆ. ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಲೋಬಾನದ ಹೊಗೆ ಹಿಡಿದು, ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದರೆ ಅದು ಮಧ್ಯಾಹ್ನದವರೆಗೆ ಕಣ್ಣು ತೆರೆಯುತ್ತಿರಲಿಲ್ಲ. ಎರೆಯುವ ಮೊದಲು ಬಲಗೈಯ ಹಿಂಭಾಗವನ್ನು ಬಕೇಟಿನ ನೀರಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, "ಹೂಂ" ಅನ್ನುತ್ತಿದ್ದಳು. ಆ ಹೂಂ ಬಂದ ಮೇಲೆಯೇ ಚೆಂಬು ಏಳುವುದು. ಮನೆಯವರು ಯಾರೂ ಅದರ ಮೇಲೆ ಮತ್ತೆ ನೀರು ಮುಟ್ಟಿ ನೋಡುತ್ತಿರಲಿಲ್ಲ. ನೋಡಿದರೆ ಅದು ಆಕೆಗೆ ಅವಮಾನ.

ಬಾಯಿ ಮಾತ್ರ ಖಾರ. ನಾನು ದೊಡ್ಡವನಾಗಿ, ಮೀಸೆ ಬಂದ ಮೇಲೂ, ಎಲ್ಲಿಯಾದರೂ ನಡುವೆ ಬಾಯಿ ಹಾಕಿದರೆ, "ಲೇ, ನಿನ್ನ ಮೂಗ ನಾ ತಿದ್ದಿ ತಿದ್ದಿ ಉದ್ದ ಮಾಡೇನಿ. ಮಂದಿ ವ್ಯವಹಾರದಾಗ ತೂರಿಸಾಕಲ್ಲ" ಅನ್ನುತ್ತಿದ್ದಳು. ಓಣಿಯಲ್ಲಿ ಚಪ್ಪಟೆ ಮೂಗಿನವರನ್ನು ಕಂಡರೆ, ಇವನು ನನ್ನ ಕೈಯಾಗ ಬೆಳೆದ ಕೂಸಲ್ಲ ಅಂತ ಎಲ್ಲರ ಎದುರೇ ಹೇಳಿಬಿಡುತ್ತಿದ್ದಳು.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಸೊಲ್ಲಾಪುರ ರಸ್ತೆಯ ನಳದ ಮಿಸ್ತ್ರಿಯೊಬ್ಬರ ಕೈಕೆಳಗೆ ಪೈಪು ಕೊಯ್ಯುವುದು, ಬಿಗಿಯುವುದು ಕಲಿತೆ. ಮದುವೆಯೊಂದರಲ್ಲಿ ನಮ್ಮ ಬಳಗದವರೇ, ಇವನದು ಬಚ್ಚಲದಾಗ ಕುಂಡ್ರೂ ಕೆಲಸ ಅಂತ ನಕ್ಕರು. ನಾನು ಊಟ ಬಿಟ್ಟು ಎದ್ದು ಬಂದಿದ್ದೆ. ಓಣಿಯ ತುದಿಯಲ್ಲಿ ಆಯಿ ಸಿಕ್ಕಳು, ಮುಖ ನೋಡಿ ವಿಷಯ ಕೇಳಿಕೊಂಡಳು.

"ನಾನೂ ಬಚ್ಚಲದಾಗ ಕುಂತ ದುಡದೇನಿ" ಅಂದಳು. "ನಾ ಬರಲಿಲ್ಲಂದ್ರ ಕೂಸಿಗೆ ನೀರಿಲ್ಲ, ನೀ ಹೋಗಲಿಲ್ಲಂದ್ರ ಮನಿಗೆ ನೀರಿಲ್ಲ. ನಕ್ಕವರ ಮನ್ಯಾಗ ನಳ ಸೋರ್ಲಿ, ಆವಾಗ ನೋಡೂಣಂತ."

ಸೋರಿತು ಕೂಡ. ಅವರೇ ಬಂದು ಕರೆದರು, ನಾನೇ ಹೋಗಿ ಬಿಗಿದು ಬಂದೆ. ಇವತ್ತು ನನ್ನದೇ ಅಂಗಡಿಯಿದೆ. ಯಾರ ಮುಂದೆಯೂ ತಲೆ ಬಾಗಿಸದೆ ದುಡಿದಿದ್ದೇನೆ. ಈ ನೆಟ್ಟ ಬೆನ್ನು ಆಯಿಯ ಆ ಮಾತಿನಿಂದ ಬಂದದ್ದು.

ನಮ್ಮ ಮಾಳಿಗೆಯ ಮೇಲೆ ಸೋಲಾರ್ ಕೂಡಿಸಿದಾಗ ಆಯಿಗೆ ಸಮಾಧಾನವಿರಲಿಲ್ಲ. ಬೆಂಕಿ ಕಾಣದ ನೀರು ಬಾಣಂತಿಗೆ ಆಗುವುದಿಲ್ಲ ಎಂಬುದು ಆಕೆಯ ವಾದ. ನಳ ತಿರುಗಿಸಿ, ಕೈ ಒಡ್ಡಿ ನೋಡಿ, "ಸೂರ್ಯಪ್ಪನೂ ಒಲಿ ಹಚ್ಚಾಕ ಕಲತಾನ" ಅಂದಳು. ಅದಕ್ಕಿಂತ ದೊಡ್ಡ ಶಾಬಾಸ್ಕಿ ನನಗೆ ಯಾವ ಗಿರಾಕಿಯೂ ಕೊಟ್ಟಿಲ್ಲ.

ಮಗಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅಷ್ಟರಲ್ಲಿ ಆಯಿಗೆ ವಯಸ್ಸಾಗಿತ್ತು, ಸಕ್ಕರೆ ಬೇನೆ ಹಿಡಿದಿತ್ತು, ಕರೆಯುವ ಮನೆಗಳೂ ಕಡಿಮೆಯಾಗಿದ್ದವು. ಕೂಸು ಹುಟ್ಟಿದ ಮೇಲೆ ನನ್ನ ಹೆಂಡತಿ ಹೋಗಿ ಹೇಳಿದ್ದೇ ತಡ, ಮರುದಿನ ನಾವು ಚಹಾಕ್ಕೆ ಇಡುವ ಮೊದಲೇ ಬಾಗಿಲಲ್ಲಿ ನಿಂತಿದ್ದಳು.

ಅದೇ ಹೊತ್ತಿಗೆ ಬಚ್ಚಲದ ಬಿಸಿನೀರಿನ ಪೈಪು ಸೋರಲು ಹತ್ತಿತು. ಮಾಳಿಗೆಯಿಂದ ಇಳಿದ ಪೈಪು ನಳದ ಕಡೆ ತಿರುಗುವಲ್ಲಿ ಒಂದು ಎಲ್ಬೋ ಇದೆ. ನಮ್ಮ ಬೋರಿನ ನೀರು ಉಪ್ಪು. ಅದು ಜಿನುಗಿದ ಕಡೆಯೆಲ್ಲ ಬಿಳಿ ಹಕ್ಕಳೆ ಕಟ್ಟಿ, ಅದರ ಸಂದಿಯಿಂದ ಹನಿ ಹನಿ ಬೀಳುತ್ತಿತ್ತು. ಆಯಿ ಬಿಡುತ್ತಾಳೆಯೇ? ಊರ ನಳ ಬಿಗಿಯಾವನ ಮನ್ಯಾಗ ಗ್ವಾಡಿ ಅಳಾಕತ್ತೈತಿ ಅಂತ ನೆರೆಮನೆಯವರಿಗೆ ಕೇಳುವ ಹಾಗೆ ಹೇಳಿದಳು. ನನಗೆ ನಾಟಿತು. ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಪೈಪು ತಿರುಗಿಸುವ ಪಾನಾ ಹಿಡಿದು ಬಚ್ಚಲಿಗೆ ಹೋದೆ.

ಆಯಿ ಆಗಲೇ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಕೂಸು ಒಳಗೆ ಹಾಲು ಕುಡಿಯುತ್ತಿತ್ತು. ದಿನಾ ನೀರು ಬೆರೆಸಿ ಕೊಡುವವಳು ನನ್ನ ಹೆಂಡತಿ. ಅವತ್ತು ಅವಳು ರೊಟ್ಟಿ ಬಡಿಯುತ್ತಿದ್ದಳು. ಆಯಿ ತಾನೇ ಬಕೇಟು ತುಂಬಿಕೊಂಡಿದ್ದಳು, ಹಬೆ ಏಳುತ್ತಿತ್ತು. ನೀ ನಿನ್ನ ಕೆಲಸ ಮಾಡು, ನನಗೇನೂ ಅಡ್ಡಿ ಇಲ್ಲ ಅಂದಳು.

ಎಲ್ಲಿಂದ ಜಿನುಗುತ್ತಿದೆ ನೋಡೋಣವೆಂದು ಎಲ್ಬೋ ಕೆಳಗೆ ಬೆರಳಿಟ್ಟೆ. ಚುರ್ ಅಂತು, ಕೈ ಹಿಂದಕ್ಕೆಳೆದುಕೊಂಡೆ. ಬೇಸಿಗೆ, ಹಿಂದಿನ ದಿನವೆಲ್ಲ ಕಾದ ನೀರು. ಮಾಳಿಗೆ ಹತ್ತಿ ವಾಲ್ವ್ ಬಂದ್ ಮಾಡಿ ಬರೋಣವೆಂದು ತಿರುಗಿದವನು ಅಲ್ಲೇ ನಿಂತೆ.

ಆ ಹನಿಗಳು ಬೀಳುತ್ತಿದ್ದುದು ಆಯಿಯ ಕೈಮೇಲೆ. ಬಕೇಟಿನ ಅಂಚಿಗೆ ಆನಿಸಿಟ್ಟ ಬಲಗೈ. ಕೂಸಿದ್ದಾಗ ನಾನು ಆಕೆಯ ಹೊಸ ಇಳಕಲ್ ಸೀರೆ ಹಾಳು ಮಾಡಿದ ಕಥೆಯನ್ನು ನಗುತ್ತ ಹೇಳುತ್ತಿದ್ದಳು. ಒಂದರ ಮೇಲೊಂದು ಹನಿ ಬೀಳುತ್ತಿತ್ತು, ಕೈ ಅಲುಗಲಿಲ್ಲ. ಜನ್ಮವೆಲ್ಲ ಬಿಸಿನೀರಿನಲ್ಲಿ ಆಡಿದ ಕೈ, ಕಸುವು ಇರಬೇಕು ಅಂದುಕೊಂಡೆ. ಆಮೇಲೆ ನೋಡಿದೆ. ಚರ್ಮ ಕೆಂಪಾಗಿ, ನಡುವೆ ಒಂದು ಗುಳ್ಳೆ ಏಳುತ್ತಿತ್ತು. ಆಕೆಗೆ ಗೊತ್ತೇ ಇಲ್ಲ.

ಇನ್ನು ಸ್ವಲ್ಪ ಹೊತ್ತಿಗೆ ಕೂಸು ಬರುತ್ತದೆ, ಆ ಕೈ ಈ ನೀರು ಮುಟ್ಟಿ ಹೂಂ ಅನ್ನುತ್ತದೆ.

ಒಂದು ಸುಳ್ಳು ನಾಲಿಗೆ ತುದಿಗೆ ಬಂದಿತ್ತು. ಪೈಪು ಬಿಚ್ಚಬೇಕು, ಇವತ್ತು ಎರೆಯುವುದು ಬ್ಯಾಡ, ನಾಳೆಯಿಂದ ಮನೆಯವರೇ ನೋಡಿಕೊಳ್ಳುತ್ತಾರೆ ಅಂತ ಉಡಿ ತುಂಬಿ ಕಳಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ಕೈಯಲ್ಲಿ ಪಾನಾ ಇತ್ತು. ನಾಳೆ ನನ್ನ ಮುಷ್ಟಿಗೆ ನಳ ಬಿಗಿಯಲಾಗದ ದಿನ ಬಂದಾಗ ಯಾರಾದರೂ ಹೀಗೆ ಸಿಹಿಮಾತಿನಲ್ಲಿ ಸಾಗಹಾಕಿದರೆ? ನಾನು ಅವರ ಮುಖ ನೋಡುವುದಿಲ್ಲ.

"ಆಯಿ, ಕೈ ತಗಿ ಬೇ. ಸುಡಾಕತ್ತೈತಿ."

"ಏನ ಸುಡಾಕತ್ತೈತಿ?" ಅಂದು ಕೆಳಗೆ ನೋಡಿದಳು. ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದಳು. ಎಡಗೈ ಹೆಬ್ಬೆರಳಿನಿಂದ ಗುಳ್ಳೆಯನ್ನು ಒತ್ತಿದಳು. ಮುಖದಲ್ಲಿ ನೋವಿನ ಗೆರೆಯೊಂದೂ ಬರಲಿಲ್ಲ, ಅದೇ ಆಕೆಯನ್ನು ಹೆದರಿಸಿತು.

"ಸಕ್ಕರಿ ಬ್ಯಾನಿಗೆ ಕಾಲ ಹೋಗಿದ್ದು ಗೊತ್ತಿತ್ತು" ಅಂದಳು. "ಚಪ್ಪಲಿ ಜಾರಿ ಹೋದ್ರೂ ತಿಳೀತಿರಲಿಲ್ಲ. ಕೈಯರ ನಂದ ಉಳದೈತಿ ಅನ್ಕೊಂಡಿದ್ದೆ ತಮ್ಮಾ."

ಅಷ್ಟರಲ್ಲಿ ಮಗಳು ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ಆಯಿ ನನ್ನ ಮುಖ ನೋಡಿದಳು. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಕೇಟನ್ನು ಮಗಳ ಕಡೆ ಸರಿಸಿದಳು.

"ಕೂಸಿನ್ನ ನಿಮ್ಮಪ್ಪನ ಕೈಯಾಗ ಕೊಡು. ನೀರಿಗೆ ನೀ ಕೈ ಹಾಕು."

ಮಗಳು ಬೆರಳು ಅದ್ದಿದವಳೇ, ಕುದಿಯಾಕತ್ತೈತಲ್ಲ ಆಯಿ ಅಂತ ಕೈ ಝಾಡಿಸಿದಳು.

"ಹಂಗಾರ ತಣ್ಣೀರ ಬೆರಸು. ನಿನ್ನ ಕೈ ಹೂಂ ಅನ್ನೂತನಕ ಬೆರಸು. ನೀರಿಗೆ ಮೊದಲ ಕೈ ತಾಯಿದ ಆಗಬೇಕು."

ಇಷ್ಟು ದಿನ ಹೀಗಿರಲಿಲ್ಲವಲ್ಲ ಅಂದಳು ಮಗಳು.

"ಹಿರ್ಯಾರ ಪದ್ಧತಿ ಐತಿ. ಮರತಿದ್ದೆ."

ಆಯಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಗಳು ಬೆರೆಸಿ, ಮತ್ತೆ ಮುಟ್ಟಿ, ನಾಚಿಕೊಂಡು ಹೂಂ ಅಂದಳು. ಆಮೇಲೆ ಆಯಿ ಕೂಸನ್ನು ಕಾಲಿನ ಮೇಲೆ ಹಾಕಿಕೊಂಡಳು. ಆ ಕೈಗೆ ಬಿಸಿ ತಂಪು ತಿಳಿಯದಿದ್ದರೂ ಕೂಸು ತಿಳಿಯುತ್ತಿತ್ತು. ಕುತ್ತಿಗೆಗೆ ಎಲ್ಲಿ ಆಸರೆ ಕೊಡಬೇಕು, ಕಿವಿಗೆ ನೀರು ಹೋಗದ ಹಾಗೆ ಹಣೆಗೆ ಹೇಗೆ ಅಂಗೈ ಅಡ್ಡ ಹಿಡಿಯಬೇಕು, ಒಂದೂ ತಪ್ಪಲಿಲ್ಲ.

ಎರೆದಾದ ಮೇಲೆ ವಾಲ್ವ್ ಬಂದ್ ಮಾಡಿ, ಎಲ್ಬೋ ಬಿಚ್ಚಿ, ಉಪ್ಪು ಕೆರೆದು, ಹೊಸ ಟೇಪು ಸುತ್ತಿ ಬಿಗಿದೆ. ನನ್ನ ಹೆಂಡತಿ ಆಯಿಯ ಕೈಗೆ ಮುಲಾಮು ಹಚ್ಚಿದಳು. ಹೋಗುವಾಗ ಆಯಿ ಬಚ್ಚಲಿಗೆ ಇಣುಕಿ, ಇನ್ನು ಸೋರುವುದಿಲ್ಲವಲ್ಲ ಅಂತ ಕೇಳಿದಳು. ಇಲ್ಲ ಬೇ ಅಂದೆ.

"ಸೋರಿದ್ದ ಚಲೋ ಆತು" ಅಂದು ಚಪ್ಪಲಿಯನ್ನು ಕಣ್ಣಿನಿಂದ ನೋಡಿಕೊಂಡೇ ಮೆಟ್ಟಿ ಹೋದಳು.

ಅವತ್ತಿನಿಂದ ಆಯಿ ಯಾವ ಮನೆಗೆ ಹೋದರೂ ಮೊದಲು ತಾಯಿಯನ್ನು ಕರೆದು ನೀರಿಗೆ ಕೈ ಹಾಕಿಸುತ್ತಿದ್ದಳು. ತಾಯಿ ಏಳಲಾರದಿದ್ದರೆ ಬಕೇಟನ್ನೇ ಆಕೆ ಮಲಗಿದ ಬಾಜಿನ ಹತ್ತಿರ ಒಯ್ಯಿಸುತ್ತಿದ್ದಳು. ಹಿರಿಯರ ಪದ್ಧತಿ ಅಂದ ಮೇಲೆ ಕೇಳುವವರು ಯಾರು? ಒಮ್ಮೆ ತಿಕೋಟಾದಲ್ಲಿ ಒಬ್ಬರ ಮನೆಗೆ ಗೀಸರ್ ಕೂಡಿಸಲು ಹೋಗಿದ್ದೆ. ಅಲ್ಲಿನ ಮುದುಕಿಯೊಬ್ಬಳು ಸೊಸೆಯನ್ನು ಕರೆದು, ಮೊದಲು ನೀ ಕೈ ಹಾಕು, ತಾಯಿ ಕೈ ಬೀಳದ ನೀರು ಕೂಸಿಗೆ ಹಾಕಬಾರದು ಅಂದಳು. ಯಾರು ಹೇಳಿದರು ಅಂತ ಕೇಳಿದೆ. ಯಾರ ಹೇಳತಾರಪಾ, ಮೊದಲಿಂದ ಹಂಗ ಐತಿ ಅಂದಳು.

ಸಂಜೆ ಬಂದು ಆಯಿಗೆ ಹೇಳಿದೆ. ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ನನ್ನ ಕಾಲ ಓಣಿ ದಾಟೂದಿಲ್ಲ, ನನ್ನ ಮಾತು ತಿಕೋಟಾ ಮುಟ್ಟೈತಿ ನೋಡು."

ಆಯಿ ಹೋದದ್ದು ಕಳೆದ ಚಳಿಗಾಲದಲ್ಲಿ, ನಿದ್ದೆಯಲ್ಲೇ. ಕಡೆಯ ನೀರು ನಮ್ಮ ಮನೆಯಿಂದಲೇ ಹೋಯಿತು, ನಾನೇ ಬಕೇಟು ಹೊತ್ತು ಒಯ್ದೆ. ಬಬಲೇಶ್ವರದಿಂದ ಮಗಳು ಬಂದಿದ್ದಳು. ಹೆಂಗಸರು ಚೆಂಬು ಎತ್ತುವಾಗ ಅವಳು ತಡೆದು, ಕೂತು, ಬಕೇಟಿಗೆ ಕೈ ಹಾಕಿದಳು. ಇನ್ನೇನು ಬಿಸಿ ಇನ್ನೇನು ತಣ್ಣಗ ಅಂತ ಯಾರೋ ಅಂದರು. ಅವಳು ಕೇಳಿಸಿಕೊಳ್ಳಲಿಲ್ಲ. ಸ್ವಲ್ಪ ತಣ್ಣೀರು ಬೆರೆಸಿದಳು, ಮತ್ತೆ ಮುಟ್ಟಿದಳು, ಇನ್ನೂ ಸ್ವಲ್ಪ ಬೆರೆಸಿದಳು.

ಹೂಂ ಅಂದ ಮೇಲೆಯೇ ಚೆಂಬು ಎದ್ದಿತು.