ಮಸ್ಕಿಯಲ್ಲಿ ಹಾಕಿದ ಪತ್ರ

ತೊಂಬತ್ತರ ದಶಕದಲ್ಲಿ ನಾನು ಸಿಂಧನೂರಿನ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಕಟ್ಟಿದ ಮುದುಕರಿಗೆ ನಮ್ಮ ಡಾಕ್ಟರು ಆಪರೇಶನ್ ಮಾಡುತ್ತಿದ್ದರು. ಕೊಯ್ದು ತೆಗೆದ ತುಣುಕುಗಳಲ್ಲಿ ಒಂದಿಷ್ಟನ್ನು ಐಸ್ ಡಬ್ಬಿಯಲ್ಲಿಟ್ಟು ದೊಡ್ಡ ಊರಿನ ಲ್ಯಾಬಿಗೆ ಕಳಿಸುವುದು ನನ್ನ ಪಾಲಿನ ಕೆಲಸ. ಡಾಕ್ಟರೂ ಅವರ ಗೆಳೆಯರೂ ಸೇರಿ ಅಲ್ಲಿ ಕ್ಯಾನ್ಸರ್ ಔಷಧಿಯೊಂದನ್ನು ಆ ತುಣುಕುಗಳ ಮೇಲೆ ಪರೀಕ್ಷಿಸುತ್ತಿದ್ದರು. ಡಬ್ಬಿ, ಸೀಸೆ, ಸಾಗಿಸುವ ಖರ್ಚು ಎಲ್ಲವೂ ಔಷಧಿ ಕಂಪನಿಯದು.

ಜವಳಗೇರಾದ ಅಜ್ಜನೊಬ್ಬ ಇಂಗ್ಲಿಷ್ ಫಾರಂ ಹಿಡಿದು ಕೇಳಿದ್ದ.

“ಏನ್ ಬರದೈತವ್ವಾ ಇದರಾಗ?”

“ಆಪರೇಶನ್ನಿಗೆ ಒಪ್ಪಿಗಿ ಅಜ್ಜಾ. ಹೆಬ್ಬಟ್ಟು ಒತ್ರಿ.”

ಅದರಲ್ಲಿ ಇನ್ನೇನಿದೆ ಎಂದು ನಾನೂ ಓದಿರಲಿಲ್ಲ.

ವರ್ಷದ ನಂತರ ಅವರ ಪ್ರಬಂಧ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಡಾಕ್ಟರು ಖುಷಿಯಿಂದ ನನಗೂ ಒಂದು ಪ್ರತಿ ಕೊಟ್ಟರು. ಡಿಕ್ಷನರಿ ಇಟ್ಟುಕೊಂಡು ಕೊನೆಯ ಪುಟದವರೆಗೂ ಓದಿದೆ. ಈ ಕೆಲಸಕ್ಕೆ ಹೊರಗಿನ ಯಾರ ಹಣವೂ ಇಲ್ಲ, ರೋಗಿಗಳೆಲ್ಲ ಸಂಶೋಧನೆಯ ವಿಷಯ ತಿಳಿದೇ ಒಪ್ಪಿದ್ದಾರೆ ಎಂದಿತ್ತು. ಎರಡೂ ಸುಳ್ಳು. ಎರಡನೆಯದು ನನ್ನ ಬಾಯಿಂದ ಹುಟ್ಟಿದ್ದು. ಪೊಲೀಸರು ಬಂದರೆ ಮೊದಲು ನನ್ನನ್ನೇ ಹಿಡಿಯುತ್ತಾರೆ ಅನ್ನಿಸಿ ಎರಡು ದಿನ ಅನ್ನ ಸೇರಲಿಲ್ಲ.

ಅಷ್ಟರಲ್ಲಿ ಆ ಅಜ್ಜ ತಪಾಸಣೆಗೆ ಬಂದ. ಹೊರಗಿನ ಬೇವಿನ ಕೆಳಗೆ ಕೂರಿಸಿ ಎಲ್ಲ ಹೇಳಿದೆ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಅವನು ಮೆಲ್ಲಗೆ ಕೇಳಿದ.

“ಮದ್ಲ ಹೇಳಿದ್ರ ನಾ ಬ್ಯಾಡ ಅಂತಿದ್ನೇನವ್ವಾ? ನನ್ನ ಮೈಯಾಗಿಂದು, ನನಗೊಂದ್ ಮಾತ್ ಕೇಳಬೇಕಿತ್ತಿಲ್ಲೋ?”

ಅದೇ ವಾರ, ಪ್ರಬಂಧ ಅಚ್ಚು ಹಾಕಿದ ಪತ್ರಿಕೆಯ ಸಂಪಾದಕರಿಗೆ ಆ ಎರಡು ಸುಳ್ಳುಗಳ ಬಗ್ಗೆ ಕಾಗದ ಬರೆದೆ. ಹೆಸರು ಹಾಕಲಿಲ್ಲ. ಸಿಂಧನೂರಿನ ಅಂಚೆ ಮುದ್ರೆ ಬಿದ್ದರೆ ಸಿಕ್ಕಿಬೀಳುತ್ತೇನೆಂದು, ನಮ್ಮೂರು ಲಿಂಗಸುಗೂರಿಗೆ ಹೋಗುವಾಗ ದಾರಿಯಲ್ಲಿ ಮಸ್ಕಿಯಲ್ಲಿ ಇಳಿದು, ಸೆರಗು ತಲೆಗೆ ಹೊದ್ದು, ಅಂಚೆ ಡಬ್ಬಿಗೆ ಹಾಕಿದೆ. ಹಾಕಿದ ಮೇಲೆ ವಾಪಸ್ ತೆಗೆಯಲು ಬರುವಂತಿದ್ದರೆ ಅನ್ನಿಸಿತು. ಮುಂದೆ ತಿಂಗಳುಗಟ್ಟಲೆ, ಆಸ್ಪತ್ರೆಯ ಮುಂದೆ ಪೋಸ್ಟ್‌ಮನ್ ಸೈಕಲ್ ಗಂಟೆ ಕೇಳಿದರೆ, ಡಾಕ್ಟರಿಗೆ ಏನು ಬಂತೋ ಎಂದು ಇಣುಕಿ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಡಾಕ್ಟರು ಒಳಗೆ ಕರೆದರು. ಮೇಜಿನ ಮೇಲೆ ಪತ್ರಿಕೆಯ ಹೊಸ ಸಂಚಿಕೆ ಇತ್ತು. ಹಣ ಕೊಟ್ಟದ್ದು ಔಷಧಿ ಕಂಪನಿ, ರೋಗಿಗಳ ಒಪ್ಪಿಗೆ ಸರಿಯಾಗಿ ಪಡೆದಿರಲಿಲ್ಲ ಎಂದು ನಾಲ್ಕು ಸಾಲಿನ ತಿದ್ದುಪಡಿ.

“ಇವರಿಗೆ ಕಾಗದ ಯಾರ್ ಬರದಿದ್ದು?”

“ನಾನರಿ,” ಎಂದೆ.

“ನನಗ್ಯಾಕ ಹೇಳಲಿಲ್ಲ?”

“ನಿಮಗ ಅಂಜಿದ್ನಿರಿ ಸರ್.”

ಅವರು ಸಂಚಿಕೆ ಮುಚ್ಚಿ ಡ್ರಾಯರಿನಲ್ಲಿಟ್ಟರು. ಆಮೇಲೆ, “ಈ ತಿಂಗಳ ಮುಗಿಸಿ ಹೋಗು,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

ಆಮೇಲೆ ಅಲ್ಲಿ ಫಾರಂ ಕನ್ನಡಕ್ಕೆ ಬಂತೆಂದು, ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಿಲ್ಲವೆಂದು ಅಲ್ಲಿನ ನರ್ಸಮ್ಮ ಹೇಳಿದಳು. ಮನೆಯಲ್ಲಿ ಮಾತ್ರ ನಾನು, ಆಸ್ಪತ್ರೆಗೆ ಪೇಶಂಟ್ ಕಡಿಮೆಯಾದರು, ಅದಕ್ಕೆ ಬಿಡಿಸಿದರು ಎಂದೇ ಹೇಳಿದೆ. ಅಪ್ಪನಿಗೆ ನಿಜ ಹೇಳುವ ಧೈರ್ಯ ಬರಲು ಆರು ವರ್ಷ ಹಿಡಿಯಿತು.