ಕೂಸು ನಗುವ ಮೊದಲಿನ ಬಿಡುವು

ಸುಹಾಸ, ಮೇಘಾ, ಇದು ನಿಮ್ಮಿಬ್ಬರಿಗಾಗಿ ಬರೆದದ್ದು. ಸುಹಾಸ, ಮೊನ್ನೆ ನೀನಿರಲಿಲ್ಲ. ಸಾಗರದ ಕಾಲೇಜಿನಿಂದ ಬಂದ ನಿನ್ನ ಅಕ್ಕ ಮೇಘಾ, ಪ್ರಿಂಟಿನ ವಾಸನೆ ಇನ್ನೂ ಆರದ ಒಂದು ಹಾಳೆಯನ್ನು ನನ್ನ ಕೈಗಿಟ್ಟಳು. ನಾನು ಹೇಳಿಕೊಟ್ಟಿದ್ದ ಭತ್ತ ಕುಟ್ಟುವ ಹಾಡು, ಕೆಳಗೆ ನನ್ನ ಹೆಸರು. ಮರುದಿನವೇ ಅದು ಕಾಲೇಜಿನ ಪತ್ರಿಕೆಗೆ ಹೋಗಬೇಕಿತ್ತು.

ಕುಟ್ಟಕ್ಕ ಕುಟ್ಟು, ಗಟ್ಟಿಗೆ ಕುಟ್ಟು
ಹೊನ್ನಂಗಿ ಹಾರಿ ಹೋಗಲಿ
ಒಳಗಿನ ಕೂಸು ಮುದ್ದಾಗಿ ನಗಲಿ

"ಕೊನೇ ಸಾಲು ಗಿಡ್ಡ ಆಗಿತ್ತಜ್ಜಿ. 'ಮುದ್ದಾಗಿ' ನಾನು ಸೇರ್ಸಿದ್ದು" ಎಂದಳು.

ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು. ಓದಿದವರ ಎದುರು ನನ್ನ ಬಾಯಿ ತೆರೆಯುವುದು ಆಕಳಿಕೆಗೆ ಮಾತ್ರ ಎಂದು ನಿಮ್ಮ ಅಜ್ಜ ಛೇಡಿಸುತ್ತಿದ್ದರು. ಆದರೆ ಈ ಸಲ ಸುಮ್ಮನಿದ್ದರೆ ತಪ್ಪು ಹಾಡು ನನ್ನ ಹೆಸರಿನಲ್ಲೇ ಉಳಿದುಬಿಡುತ್ತಿತ್ತು.

ಹಾಡು ಕಲಿಸಿದವಳು ನನ್ನ ಓರಗಿತ್ತಿ ಸೀತಕ್ಕ. ಈಗ ಅವಳಿಲ್ಲ. ತೀರ್ಥಹಳ್ಳಿ ಕಡೆಯಿಂದ ಹೊಸನಗರದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ, ಒಂದೇ ಒರಳಿಗೆ ಇಬ್ಬರೂ ಒನಕೆ ಹಾಕುತ್ತಿದ್ದೆವು. ಮೊದಲ ಸಾಲನ್ನು ಬಾಯಲ್ಲಿ ಅಂದು ನೋಡಿ: ಟ್ಟ, ಟ್ಟ, ಟ್ಟ, ಒನಕೆಯೇ ಬಿದ್ದ ಹಾಗೆ. ಎರಡನೆಯದರಲ್ಲಿ ಹೊ, ಹಾ, ಹೋ, ಬರೀ ಉಸಿರು. ಹೊಟ್ಟು ಹಾರುವುದೂ ಹಾಗೆಯೇ. ಹೊನ್ನಂಗಿ ಎಂದರೆ ಆ ಹೊಟ್ಟು, ಕೂಸು ಎಂದರೆ ಅಕ್ಕಿ. ಎಣ್ಣೆ ಹಚ್ಚಲು ಅಂಗಿ ಬಿಚ್ಚಿದ ಕೂಡಲೇ ಮಗು ಕಾಲು ಬಡಿದು ನಗುತ್ತದಲ್ಲ, ಅದನ್ನು ಕಂಡವಳೇ ಕಟ್ಟಿದ ಹಾಡು ಇದು.

'ಕೂಸು' ಎಂದ ಮೇಲೆ ಒಂದು ಬಿಡುವು. ಹಾಡುವವಳ ಒನಕೆ ಪದಕ್ಕೆ ಬೀಳುತ್ತದೆ; ಅವಳು ಉಸಿರೆಳೆಯುವಾಗ ಜೊತೆಯವಳ ಒನಕೆ ಅಲ್ಲಿ ಬೀಳಬೇಕು. ಹೊಸತರಲ್ಲಿ ನಾನೂ ಅಲ್ಲಿ ಏನೋ ತುಂಬಿದ್ದೆ. "ಎಲ್ಲಾ ನೀನೇ ಹಾಡಿ ಮುಗ್ಸಿದ್ರೆ ನಾನೆಂತ ಮಾಡ್ಲಿ ಮಾರಾಯ್ತಿ, ಒನಕೆ ಎತ್ಕೊಂಡು ಹಿಂಗೇ ನಿಂತ್ಕೊಳ್ಲಾ?" ಎಂದಿದ್ದಳು ಸೀತಕ್ಕ.

ಇದನ್ನೆಲ್ಲ ಬಾಯಲ್ಲಿ ವಿವರಿಸಲು ನನಗೆ ನಾಚಿಕೆ. ಮೇಘಾಳ ಕೈಗೆ ಒನಕೆ ಕೊಟ್ಟು, ನಾನು ಊರುಗೋಲು ಹಿಡಿದು ಒರಳಿನ ಎದುರು ನಿಂತೆ.

"ಈಗ ಹಾಡು."

'ಮುದ್ದಾಗಿ' ಬಂದಲ್ಲಿ ಅವಳ ಒನಕೆ ನನ್ನ ಕೋಲಿಗೆ ಬಡಿಯಿತು. ಎರಡನೆಯ ಸಲವೂ ಬಡಿಯಿತು. ಮೂರನೆಯ ಸಲ ಆ ಪದವನ್ನು ಅವಳೇ ಬಿಟ್ಟಳು. ಕೋಲು ನೆಟ್ಟಗೆ ಒರಳಿಗೆ ಇಳಿಯಿತು.

"ಅಲ್ಲಿ ಜಾಗ ಖಾಲಿ ಬಿಡ್ಲಾ ಅಜ್ಜಿ?"

"ಬಿಡು. ಅದು ಸೀತಕ್ಕನ ಜಾಗ."

ಹಾಡು ಹಾಗೆಯೇ ಪತ್ರಿಕೆಗೆ ಹೋಯಿತು, ನಡುವೆ ಬಿಳಿ ಜಾಗ ಬಿಟ್ಟುಕೊಂಡು. ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಯಾರಾದರೂ ತಿದ್ದಲು ಬಂದರೆ, ಮೊದಲು ಅವರ ಕೈಗೆ ಒನಕೆ ಕೊಡಿ.