ಕೈ ನಡುಗದ ಕ್ಯಾಮೆರಾ

ಕಳೆದ ವಾರ ಕಾಲೇಜಿನ ಹುಡುಗಿಯೊಬ್ಬಳು ಮೊಬೈಲ್ ನಿಲ್ಲಿಸುವ ಸ್ಟ್ಯಾಂಡನ್ನು ರಿಪೇರಿಗೆ ತಂದಿದ್ದಳು. ಮೂರು ಕಾಲುಗಳಲ್ಲಿ ಒಂದು ಸಡಿಲಾಗಿತ್ತು. ಸ್ಕ್ರೂ ಬಿಗಿ ಮಾಡಿ ಮೇಜಿನ ಗಾಜಿನ ಮೇಲೆ ನಿಲ್ಲಿಸಿ, ಅಲುಗುತ್ತದೋ ಎಂದು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಹಾಗೆ ತಟ್ಟಿ ನೋಡುವುದನ್ನು ನಾನು ಕಲಿತದ್ದು ಪಕ್ಕದ ಅಂಗಡಿಯ ಸ್ಟುಡಿಯೋದವರಿಂದ... ಅವರು ತೀರಿಕೊಂಡು ಎಂಟು ವರ್ಷವಾಯಿತು.

ಶಿರಸಿಯಲ್ಲಿ ನನ್ನದು ಗಡಿಯಾರ ರಿಪೇರಿ ಅಂಗಡಿ, ಅವರದು ಫೋಟೋ ಸ್ಟುಡಿಯೋ. ಮದುವೆ, ಮುಂಜಿಗಳೆಲ್ಲ ಹೊಸ ಹುಡುಗರ ಪಾಲಾದ ಮೇಲೆ ಅವರಿಗೆ ಉಳಿದದ್ದು ಪಾಸ್‌ಪೋರ್ಟ್ ಫೋಟೋ ಮತ್ತು ಸಾವಿನ ಮನೆ. ಹೆಣ ಎತ್ತುವ ಮೊದಲು ಕೊನೆಯದೊಂದು ಫೋಟೋ ಇರಲಿ ಎನ್ನುವವರು ಅವರನ್ನೇ ಕರೆಯುತ್ತಿದ್ದರು. ಸತ್ತವರ ಮುಖಕ್ಕೆ ಫ್ಲಾಶ್ ಹೊಡೆಯಬಾರದೆಂಬುದು ಅವರ ನಿಯಮ. ಮಬ್ಬು ಬೆಳಕಿನಲ್ಲಿ ಉಸಿರು ಹಿಡಿದು ನಿಧಾನಕ್ಕೆ ತೆಗೆಯುತ್ತಿದ್ದರು. ಅರವತ್ತು ದಾಟಿದ ಮೇಲೆ ಅವರ ಬಲಗೈ ಸಣ್ಣಗೆ ನಡುಗತೊಡಗಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ನಾನು ಸ್ಟುಡಿಯೋದಲ್ಲಿ ಕೂತಿದ್ದಾಗ ಹೆಂಗಸೊಬ್ಬಳು ಫೋಟೋ ಹಿಡಿದು ಬಂದಳು. ಅವಳ ತವರು ಹೆಗ್ಗರಣೆಯ ಹತ್ತಿರ. ಹದಿನೈದು ದಿನಗಳ ಹಿಂದೆ ಅವಳ ತಾಯಿ ತೀರಿಕೊಂಡಿದ್ದರು. ಇವಳು ಯಲ್ಲಾಪುರದಾಚೆಯ ಗಂಡನ ಮನೆಯಿಂದ ಹೊರಟಾಗ ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತಿತ್ತು. ತಲುಪುವಾಗ ಚಿತೆ ಆರಿತ್ತು. ಅವಳಿಗೆ ನೋಡಲು ಸಿಕ್ಕಿದ್ದು ಸ್ಟುಡಿಯೋದವರು ತೆಗೆದ ಆ ಫೋಟೋ ಮಾತ್ರ. ಅದರಲ್ಲಿ ತಾಯಿಯ ಮುಖ ಎರಡಾಗಿ ಕಲಸಿಹೋಗಿತ್ತು, ಯಾರೋ ಕರೆದರೆಂದು ಹೊರಳಿ ನೋಡಿದ ಹಾಗೆ.

“ಆಯಿ ಅಲುಗಾಡಿದ್ದಾ? ಖರೆ ಹೇಳಿ. ಜೀವ ಇದ್ದಾಗ್ಲೇ ಸುಟ್ಬಿಟ್ರಾ?”

ಸ್ಟುಡಿಯೋದವರು ತಮ್ಮ ಬಲಗೈಯನ್ನು ಅವಳ ಮುಂದೆ ಚಾಚಿದರು. “ಡಾಕ್ಟ್ರು ಬೆಳಿಗ್ಗೆನೇ ಬಂದು ನೋಡಿ ಜೀವ ಇಲ್ಲ ಅಂತ ಹೇಳಿದ್ರಲ್ಲ ತಂಗಿ. ಅಲುಗಿದ್ದು ಇದು.”

ಅವಳು ಆ ಕೈಯನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು, ಎದ್ದು ಹೋದಳು.

ಮರುದಿನ ಅವರು ಒಂದು ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾ ತಂದು ನನ್ನ ಮುಂದಿಟ್ಟರು. “ದೊಡ್ಡ ಸ್ಟ್ಯಾಂಡ್ ತಗಂಡು ಹೋಗಿ ಹೆಣದ ಎದ್ರು ಬಿಡಿಸ್ತಾ ಕೂರೂಕಾಗೂದಿಲ್ಲ ಮಾರಾಯ್ರೇ. ಕಾಲು ಇದರ ಹೊಟ್ಟೆಯೊಳಗೇ ಇರ್ಬೇಕು.”

ಒಂದೂವರೆ ತಿಂಗಳು ಅದರಲ್ಲೇ ಹೋಯಿತು. ಮೊದಲು ರೇಡಿಯೋದ ಏರಿಯಲ್ ತುಂಡುಗಳಿಂದ ಕಾಲು ಮಾಡಿದೆವು. ಹತ್ತಿರ ಉಸಿರು ಬಿಟ್ಟರೂ ತೂಗುತ್ತಿತ್ತು. ಆಮೇಲೆ ಅಲ್ಯೂಮಿನಿಯಂ ಪಟ್ಟಿಯ ನಾಲ್ಕು ಕಾಲು. ಸಗಣಿ ಸಾರಿಸಿದ ನೆಲದ ಮೇಲೆ ಇಟ್ಟರೆ ಒಂದಲ್ಲ ಒಂದು ಕಾಲು ಗಾಳಿಯಲ್ಲಿ. ಕೊನೆಗೆ ಅವರೇ ಒಂದನ್ನು ಕಿತ್ತು ಹಾಕಿದರು. ಲೆನ್ಸಿನ ಅಡಿಗೆ ಮುಂದಕ್ಕೆ ಒಂದು, ಹಿಂದಕ್ಕೆ ಎರಡು. ಕಾಲು ಮಡಚಲು ಗೋಡೆ ಗಡಿಯಾರದ ಬಾಗಿಲಿನ ತಿರುಗಣೆ, ತಳಕ್ಕೆ ಒಂದು ಸೀಸದ ತುಂಡು, ಪಾದಗಳಿಗೆ ಇಂಜೆಕ್ಷನ್ ಬಾಟಲಿಯ ರಬ್ಬರ್ ಮುಚ್ಚಳ. ಮಡಚಿದರೆ ಅಂಗಿಯ ಜೇಬಿಗೆ ಹಿಡಿಯುತ್ತಿತ್ತು. ಗುಂಡಿ ಒತ್ತಿ ದೂರ ಸರಿದರೆ ಹತ್ತು ಸೆಕೆಂಡಿನ ಮೇಲೆ ತಾನೇ ಫೋಟೋ ತೆಗೆಯುತ್ತಿತ್ತು.

ಅದನ್ನು ಹಿಡಿದು ಇಬ್ಬರೂ ಆ ತವರಮನೆಗೆ ಹೋದೆವು. ಅವಳಿಗೂ ಹೇಳಿ ಕಳಿಸಿದ್ದರು. ತಪ್ಪು ತನ್ನದೇ ಎಂದು ತೋರಿಸಿಕೊಡುವುದು ಅವರ ಆಸೆ. ಅದೇ ಕೋಣೆ, ಅದೇ ಹೊತ್ತು. ತಾಯಿಯ ತಲೆಯಿದ್ದಲ್ಲಿ ಒಂದು ತಂಬಿಗೆ, ಪಕ್ಕದಲ್ಲಿ ಅಂದು ಹಚ್ಚಿಟ್ಟಿದ್ದ ಹಿತ್ತಾಳೆಯ ದೀಪ. ಮೊದಲು ಕೈಯಲ್ಲೇ ಹಿಡಿದು ಒಂದು ಫೋಟೋ ತೆಗೆದರು, ಆಮೇಲೆ ಕಾಲು ಬಿಡಿಸಿ ನಿಲ್ಲಿಸಿ ಇನ್ನೊಂದು. ಕೈಯಲ್ಲಿ ತೆಗೆದದ್ದರಲ್ಲಿ ತಂಬಿಗೆ ಅಲುಗಿತ್ತು, ದೀಪದ ಕಂಬವೂ ಅಲುಗಿತ್ತು. ನಿಲ್ಲಿಸಿ ತೆಗೆದದ್ದರಲ್ಲಿ ಎರಡೂ ಸ್ಥಿರ.

ಹೋಲಿಸಲೆಂದು ಅವಳ ಕೈಯಿಂದ ಹಳೆಯ ಫೋಟೋ ಇಸಿದುಕೊಂಡರು. ನಾನೂ ಬಗ್ಗಿ ನೋಡಿದೆ. ಅದರಲ್ಲಿ ದೀಪ ಕಡೆದಿಟ್ಟ ಹಾಗೆ ನಿಂತಿತ್ತು. ಕಂಬದ ಗೆರೆಗಳನ್ನು ಎಣಿಸಬಹುದಿತ್ತು. ಕೈ ನಡುಗಿದ್ದರೆ ಅದೂ ಕಲಸಿಹೋಗಬೇಕಿತ್ತಲ್ಲ. ಅಲುಗಿದ್ದು ಮುಖ ಒಂದೇ... ತಪ್ಪು ತನ್ನದೇ ಎಂದು ನಂಬಿದವರು ಅಷ್ಟು ದಿನ ಅದನ್ನು ನೋಡಿರಲಿಲ್ಲ. ಹೊರಗೆ ಬಿಸಿಲಿತ್ತು, ಅಂಗಳದಲ್ಲಿ ಯಾರೋ ಬಟ್ಟೆ ಒಣಹಾಕುತ್ತಿದ್ದರು.

ಸ್ಟುಡಿಯೋದವರು ಹಳೆಯ ಫೋಟೋವನ್ನು ಮಗುಚಿಟ್ಟರು. ಕೈಯಲ್ಲಿ ತೆಗೆದದ್ದನ್ನು ಮಾತ್ರ ಅವಳಿಗೆ ತೋರಿಸಿದರು. “ನೋಡು ತಂಗಿ. ತಂಬಿಗೆಗೆ ಜೀವ ಉಂಟಾ? ಎಲ್ಲಾ ಈ ಕೈಯ ಕೆಲಸ.”

ಅವಳು ತಲೆಯಾಡಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಮಗೆ ಚಾ ಮಾಡಿ ಕೊಟ್ಟಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ ಮಾತು: “ದೀಪ ನೋಡಿದ್ರಾ?”

“ನೋಡ್ದೆ.”



ಅಲ್ಲಿಂದ ಮುಂದೆ ಅವರು ಸಾವಿನ ಮನೆಗೆ ಹೋದರೆ ಕ್ಯಾಮೆರಾ ನಿಲ್ಲಿಸಿ ಒಂದು ಫೋಟೋ ತೆಗೆದು, ಕಾಲು ಗಂಟೆ ಕಾದು, ಕದಲಿಸದೆ ಇನ್ನೊಂದು ತೆಗೆಯುತ್ತಿದ್ದರು. ಎರಡನ್ನೂ ಹಿಂದೆ ಮುಂದೆ ಮಾಡಿ ನೋಡಿ, “ಆಯ್ತು, ಎತ್ತಿ” ಅನ್ನುತ್ತಿದ್ದರು. ಪುರೋಹಿತರು ಹೊತ್ತಾಯಿತೆಂದರೂ ಕೇಳುತ್ತಿರಲಿಲ್ಲ. ಯಾಕೆ ಕಾಯುತ್ತೀರಿ ಎಂದು ಯಾರಾದರೂ ಕೇಳಿದರೆ ಬೆಳಕು ಸಾಲದು ಅನ್ನುತ್ತಿದ್ದರು. ಸಾಯುವ ವರ್ಷದವರೆಗೂ ಹೀಗೇ ನಡೆಸಿದರು.

ಮೊನ್ನೆ ಆ ಹೆಂಗಸೇ ನನ್ನ ಅಂಗಡಿಗೆ ಗಡಿಯಾರ ತಂದಿದ್ದಳು. ತಲೆ ನರೆತಿದೆ. ಸ್ಟುಡಿಯೋದವರು ಇಲ್ಲವೆಂದು ಹೇಳಿದೆ. ಗಡಿಯಾರವನ್ನು ಮೇಜಿನ ಮೇಲಿಟ್ಟು ಹೇಳಿದಳು:

“ಆ ಫೋಟೋದಲ್ಲಿ ದೀಪ ಅಲುಗಿದ್ದಿಲ್ಲೆ ಅಂತ ಆನು ಮೊದಲೇ ನೋಡಿದ್ದೆ. ಅದ್ಕೇ ಕೇಳೂಕೆ ಬಂದದ್ದು. ಅವ್ರು ಅಷ್ಟು ದೂರ ಬಂದು ತಪ್ಪು ತಮ್ಮ ಮೇಲೆ ಹಾಕ್ಕಂಡ್ರು. ಮತ್ತೆ ಎಂತ ಕೇಳೂದು?”

ಅವಳಿಗೊಂದು ಸಮಾಧಾನ ಕೊಟ್ಟೆನೆಂದು ಅವರು ತಿಳಿದಿದ್ದರು. ನಂಬಿದ ಹಾಗೆ ತಲೆಯಾಡಿಸಿ ಅವರಿಗೆ ಅದನ್ನು ಕೊಟ್ಟವಳು ಅವಳು. ಆ ತಾಯಿಗೆ ನಿಜಕ್ಕೂ ಏನಾಗಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ... ಈ ಮಾತು ಕೇಳಬೇಕಾಗಿದ್ದವರು ಮಾತ್ರ ಈಗ ಇಲ್ಲ.